ಅತ್ತೆಯ ಪದಕ್ಕೆ ಸದ್ದಿಲ್ಲದ ಕಂಪ್ಯೂಟರ್

ಕಂಪ್ಯೂಟರ್ ಜೋಡಿಸಬೇಕು ಅಂತ ದಾವಣಗೆರೆಯ ಯಾವ ಅಂಗಡಿಗೆ ಹೋದ್ರೂ ಮೊದಲು ಕೇಳೋದು ಒಂದೇ: "ಗೇಮಿಂಗಾ ಸರ್, ವಿಡಿಯೊ ಎಡಿಟಿಂಗಾ?" ನನ್ನದು ಎರಡೂ ಅಲ್ಲ. ಹರಿಹರದಲ್ಲಿರುವ ಸೋದರತ್ತೆಗೆ ಈಗ 74. ಸೋಬಾನೆ ಪದ, ಬೀಸುವ ಪದ, ತತ್ವಪದ ಎಲ್ಲ ಬಾಯಲ್ಲೇ ಇವೆ, ಎಲ್ಲೂ ಬರೆದಿಟ್ಟಿಲ್ಲ. ಈಚೆಗೆ ಉಸಿರು ಸಾಲ್ತಿಲ್ಲ. ಸಾಲಿನ ಕೊನೆಗೆ ದನಿ ಪಿಸುಮಾತಿನಷ್ಟು ಇಳಿಯುತ್ತೆ. ಆ ಕೊನೆಯೂ ಕೇಳುವ ಹಾಗೆ ರೆಕಾರ್ಡ್ ಮಾಡಬೇಕಿತ್ತು. ಆಫೀಸಿನ ಲ್ಯಾಪ್‌ಟಾಪ್‌ಗೆ ಬೇರೆ ಸಾಫ್ಟ್‌ವೇರ್ ಹಾಕುವಂತಿಲ್ಲ. ಮೈಕ್ ಬಿಟ್ಟು ಕೈಲಿದ್ದದ್ದು 70 ಸಾವಿರ.

ಮೊದಲು ಕೈಬಿಟ್ಟಿದ್ದು ಗ್ರಾಫಿಕ್ಸ್ ಕಾರ್ಡ್. ಹಾಡು ರೆಕಾರ್ಡ್ ಮಾಡೋಕೆ ಅದರ ಕೆಲಸ ಏನೂ ಇಲ್ಲ. ಮೇಲಾಗಿ ಅದಕ್ಕೂ ಫ್ಯಾನ್, ಅದಕ್ಕೂ ಶಾಖ. ಆದರೆ ಆಗ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದು ಇರಲ್ಲ, ನೋಡಿ ತಗೊಳ್ಳಿ.

ಉಳಿದ ದುಡ್ಡು ನಿಶ್ಶಬ್ದಕ್ಕೆ ಹೋಯ್ತು. ದೊಡ್ಡ ಹೀಟ್‌ಸಿಂಕ್, 120 ಮಿ.ಮೀ. ಫ್ಯಾನ್. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತೆ, ಸದ್ದು ಕಮ್ಮಿ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ! ರೆಕಾರ್ಡಿಂಗ್ ವೇಳೆ ಸೀಲಿಂಗ್ ಫ್ಯಾನೂ ಬಂದ್. ಹಾಗಾಗಿ ನಮ್ಮ ಕೆಲಸ ಬೆಳಿಗ್ಗೆ ಎಂಟರೊಳಗೆ.

ಸ್ಟೋರೇಜ್ ಲೆಕ್ಕ ಸುಲಭ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕ್‌ಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಗಂಟೆಗೆ 520 ಎಂಬಿ ಅಷ್ಟೇ. 500 ಜಿಬಿ ಎಸ್‌ಎಸ್‌ಡಿ ಧಾರಾಳ. ತಿರುಗೋ ಹಾರ್ಡ್ ಡಿಸ್ಕ್ ಸದ್ದು ಮಾಡುತ್ತೆ, ಅದನ್ನ ಹೊರಗಿಟ್ಟು ಕಾಪಿಗೆ ಮಾತ್ರ ಬಳಸ್ತೀನಿ. ರ‍್ಯಾಮ್ 16 ಜಿಬಿ. ಇನ್ನೊಂದಕ್ಕೆ ಸ್ಲಾಟ್ ಖಾಲಿ ಬಿಟ್ಟಿದ್ದೀನಿ.

ಪ್ರೊಸೆಸರ್‌ಗೆ ನಿಜವಾದ ಪರೀಕ್ಷೆ ಅಂದ್ರೆ ತಡ. ನಾನು ಕೀಬೋರ್ಡ್ ಒತ್ತಿದ್ರೆ ಹಾರ್ಮೋನಿಯಂ ದನಿ ಕಂಪ್ಯೂಟರ್‌ನೊಳಗಿಂದ ಬರಬೇಕು. ಬಫರ್ 128 ಇಟ್ಟರೆ ಅಲ್ಲಿ ಆಗೋ ತಡ 2.7 ಮಿಲಿಸೆಕೆಂಡ್, 1024 ಆದ್ರೆ 21. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದ್ರೆ ಮೊದಲನೆಯದು ಪಕ್ಕದಲ್ಲಿ ಕೂತು ನುಡಿಸಿದ ಹಾಗೆ, ಎರಡನೆಯದು ಏಳು ಮೀಟರ್ ಆಚೆ ನಿಂತ ಹಾಗೆ. ಬಫರ್ ಕಡಿಮೆ ಮಾಡಿದಷ್ಟೂ ಪ್ರೊಸೆಸರ್ ಮೇಲೆ ಹೊರೆ ಜಾಸ್ತಿ. ಸೋತರೆ ಹಾಡಿನಲ್ಲಿ ಟಪ್ ಟಪ್ ಸದ್ದು. ಆರು ಕೋರ್‌ನದ್ದು ನಮಗೆ ಸಾಕಾಯ್ತು.

ಯುಪಿಎಸ್ ಮಾತ್ರ ಬೇಕೇ ಬೇಕು. ಅತ್ತೆ ಹಾಡಿದ್ದನ್ನ ಎರಡನೇ ಸಲ ಹಾಗೇ ಹಾಡಲ್ಲ. ಕರೆಂಟ್ ಹೋದ್ರೆ ಆ ಪದವೂ ಹೋಯ್ತು. ಮನೆಯ ಅರ್ಥಿಂಗೂ ಒಮ್ಮೆ ನೋಡಿಸಿ, ಇಲ್ಲದಿದ್ರೆ 50 ಹರ್ಟ್ಸ್ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತೆ.

ಹರಿಹರದ ಅತ್ತೆ ಮನೆ ರಸ್ತೆಗೇ ಅಂಟಿಕೊಂಡಿದೆ, ಲಾರಿ ಸದ್ದು ನಿಲ್ಲಲ್ಲ. ಹಾಗಾಗಿ ಶನಿವಾರ ಸಂಜೆ 14 ಕಿಲೋಮೀಟರ್ ಬಸ್ಸಲ್ಲಿ ಅವರೇ ಬರ್ತಾರೆ. "ಇದು ಚಾಲೂ ಐತೇನೋ ತಮ್ಮಾ, ಸದ್ದೇ ಇಲ್ಲ!" ಅಂದಾಗ ಖರ್ಚು ಮಾಡಿದ್ದು ಸಾರ್ಥಕ ಅನಿಸಿತು. ಈವರೆಗೆ 23 ಪದ ಆಗಿವೆ. ಇನ್ನೂ ಅಷ್ಟೇ ಬಾಕಿ ಅಂತಾರೆ.

ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಕಂಪ್ಯೂಟರ್ ಬರಲಿ ಅಂತ ಕಾಯಬೇಡಿ. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇವತ್ತೇ ಒಂದು ಪದ ಹಿಡಿದಿಟ್ಟುಕೊಳ್ಳಿ.