ಉಟ್ಟು ಬಿಟ್ಟ ಬಟ್ಟೆ

ಹೈದರಾಬಾದಿನ ಸಿರಿತನದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಜೇಕಬ್ ವಜ್ರದ ಕತೆ ತೆಗೆದೇ ತೆಗೆಯುತ್ತಾರೆ. ಸುಮಾರು 185 ಕ್ಯಾರಟ್ಟಿನ ಕಲ್ಲು ಅದು. ಕೊಂಡವರು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು. ಅವರು ತೀರಿಹೋದ ಮೇಲೆ ಮಗ ಮೀರ್ ಉಸ್ಮಾನ್ ಅಲಿ ಖಾನರಿಗೆ ಅದು ಅಪ್ಪನ ಹಳೆಯ ಬೂಟಿನ ತುದಿಯಲ್ಲಿ ಸಿಕ್ಕಿತಂತೆ. ಮೇಜಿನ ಮೇಲಿನ ಕಾಗದ ಹಾರದಿರಲಿ ಎಂದು ಅದನ್ನೇ ಭಾರಕ್ಕೆ ಇಟ್ಟುಕೊಂಡರಂತೆ. 1937ರಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಸಿರಿವಂತ ಎಂದು ಮುಖಪುಟಕ್ಕೆ ಹಾಕಿದ್ದು ಇವರನ್ನೇ. ಕತೆಗಾರನೊಬ್ಬ ಇಷ್ಟನ್ನೂ ತಾನೇ ಕಲ್ಪಿಸಿ ಬರೆದಿದ್ದರೆ ‘ಸಾಕು ಮಾರಾಯ, ಅತಿಯಾಯಿತು’ ಎನ್ನುತ್ತಿರಲಿಲ್ಲವೆ ನಾವು?

ಹಾಗಾದರೆ ಇಂಥ ಊರಿನ ಕತೆಗಾರರು ಸಿರಿವಂತರನ್ನು ಟೀಕಿಸಲು ಏನನ್ನು ಕೈಗೆತ್ತಿಕೊಂಡರು? ವಜ್ರವನ್ನಲ್ಲ. ವಾಜಿದಾ ತಬಸ್ಸುಮ್ ಎತ್ತಿಕೊಂಡದ್ದು ಉಟ್ಟು ಬಿಟ್ಟ ಬಟ್ಟೆಯನ್ನು. ಅಮರಾವತಿಯಲ್ಲಿ ಹುಟ್ಟಿ ಹೈದರಾಬಾದಿಗೆ ಬಂದ ಈ ಹೆಣ್ಣುಮಗಳ ಉರ್ದುವಿನಲ್ಲಿ ದಖನಿಯ ಸೊಗಡು ತುಂಬಿದೆ. ಬೀದರ್, ಕಲಬುರಗಿ ಕಡೆಯವರ ಕಿವಿಗೆ ಅದು ಪರಕೀಯವಲ್ಲ. ಹೇಗಿದ್ದೀತು? 1956ರವರೆಗೆ ಅವರ ರಾಜಧಾನಿಯೂ ಹೈದರಾಬಾದೇ.

ವಾಜಿದಾರ ‘ಉತರನ್’ (ಉಟ್ಟು ಬಿಟ್ಟ ಬಟ್ಟೆ) ಕತೆಯ ಚಮ್ಕಿ ನವಾಬರ ದೇವಡಿಯ, ಅಂದರೆ ಮಹಲಿನ, ದಾಯಿಯ ಮಗಳು. ನವಾಬರ ಮಗಳು ಶಹಜಾದಿ ಪಾಶಾ ತೊಟ್ಟು ಬಿಟ್ಟದ್ದೇ ಇವಳ ಉಡುಗೆ. ಚಿಕ್ಕವಳಿದ್ದಾಗ, ದುಪಟ್ಟಾ ಅದಲುಬದಲು ಮಾಡಿಕೊಂಡು ಅಕ್ಕತಂಗಿಯರಾಗೋಣ ಎಂದು ಕೇಳುತ್ತಾಳೆ, ಪಾಶಾಗೆ ಅಸಹ್ಯ. ತಾಯಿಗೆ ಹಳೆಯ ಬಟ್ಟೆಯೇ ಭಾಗ್ಯ, ಮಗಳ ಎದೆಯಲ್ಲಿ ಅದು ಕೆಂಡ. ಪಾಶಾಳ ಮದುವೆಯ ಹೊತ್ತಿಗೆ ಸಿಹಿ ಒಯ್ಯುವ ನೆಪದಲ್ಲಿ ಚಮ್ಕಿ ಮದುಮಗನ ಬಳಿಗೆ ಹೋಗುತ್ತಾಳೆ. ಆಮೇಲೆ ಯಾರು ಬಿಟ್ಟದ್ದನ್ನು ಯಾರು ಉಡಬೇಕಾಯಿತು ಎಂಬುದನ್ನು ನೀವೇ ಓದಿಕೊಳ್ಳಿ. ಈ ಬಗೆಯ ಕತೆಗಳಿಗಾಗಿ ವಾಜಿದಾ ಕೇಳಿದ ಬೈಗುಳ ಕಡಿಮೆಯಲ್ಲ. ಕನ್ನಡಿ ಹಿಡಿದವಳ ಮೇಲೆ ಸಿಟ್ಟು ಬರುವುದು ಸಹಜ.

ನನಗೆ ಇದರಲ್ಲಿ ಹಿಡಿಸಿದ್ದೇನು ಗೊತ್ತೆ? ಬಟ್ಟೆ ಇಲ್ಲಿ ಮೊದಲು ಬಟ್ಟೆಯೇ. ಮೈಗೆ ಹಾಕುವಂಥದ್ದು, ಬೆವರಿನ ವಾಸನೆಯದ್ದು. ಅರ್ಥ ಆಮೇಲೆ ತಾನಾಗಿ ಬಂದು ಸೇರುತ್ತದೆ. ಅರ್ಥವನ್ನೇ ಮೊದಲು ಇಟ್ಟುಕೊಂಡು ಅದಕ್ಕೊಂದು ವಸ್ತು ಹುಡುಕುವ ಕತೆಗಳು ನನ್ನನ್ನು ತಟ್ಟಿಲ್ಲ.

ಸಿನಿಮಾದವರೂ ಈ ದಾರಿಯಲ್ಲಿ ಹೋಗಿದ್ದಾರೆ. ಹೈದರಾಬಾದಿನವರೇ ಆದ ಶ್ಯಾಮ್ ಬೆನಗಲ್ಲರ ‘ಅಂಕುರ್’ (1974) ನೆನಪಿದೆಯೆ? ಜಮೀನ್ದಾರರ ಮಗನಾಗಿ ನಮ್ಮ ಅನಂತನಾಗ್. ಕೊನೆಯಲ್ಲಿ ಪುಟ್ಟ ಹುಡುಗನೊಬ್ಬ ಅವನ ಕಿಟಕಿಗೆ ಕಲ್ಲು ಬೀಸಿ ಓಡುತ್ತಾನೆ. ಭಾಷಣವಿಲ್ಲ, ಒಂದೇ ಒಂದು ಕಲ್ಲು. ಜೇಕಬ್ ವಜ್ರವೂ ಕಲ್ಲೇ, ಆದರೆ ಈ ಕಲ್ಲಿಗಿರುವ ತೂಕ ಅದಕ್ಕಿಲ್ಲ.

ಕನ್ನಡದಲ್ಲಿ ಇಲ್ಲವೆ ಎಂದು ಕೇಳುತ್ತೀರಿ. ಇದೆಯಲ್ಲ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013)! ಬೆಂಗಳೂರಿನ ಸಣ್ಣ ಮನೆಯಲ್ಲಿ ಇರುವೆಗಳ ಜೊತೆ ಗುದ್ದಾಡುತ್ತಿದ್ದ ಸಂಸಾರ. ಚಿಕ್ಕಪ್ಪನ ಸೋನಾ ಮಸಾಲೆಯಿಂದ ದುಡ್ಡು ಬಂದಮೇಲೆ ಇರುವೆ ಹೊಸಕಿದ ಕೈಗಳು ಎಲ್ಲಿಯವರೆಗೆ ಹೋಗುತ್ತವೆ ಎಂಬುದೇ ಕಾದಂಬರಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಮಸೂರ ಬೇಳೆಯ ಪದಾರ್ಥ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಅಟ್ಟುವ ಪುಟಗಳನ್ನು ಓದುವಾಗ ನಿಜಕ್ಕೂ ಹೊಟ್ಟೆ ತೊಳಸಿತು. ನವಾಬರ ದೇವಡಿಯೇ ಆಗಬೇಕೆಂದಿಲ್ಲ ನೋಡಿ, ಹೊಸ ದುಡ್ಡಿನ ಮಹಡಿ ಮನೆಗೂ ಅದೇ ರೋಗ.

ಮತ್ತೆ ವಜ್ರದ ಮಾತಿಗೆ ಬಂದರೆ, ನಿಜಾಮರ ಒಡವೆಗಳನ್ನು 1995ರಲ್ಲಿ ಭಾರತ ಸರ್ಕಾರ 218 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಜೇಕಬ್ ವಜ್ರವೂ ಅವುಗಳಲ್ಲಿತ್ತು. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಅವನ್ನು ಪ್ರದರ್ಶನಕ್ಕೂ ಇಟ್ಟಿದ್ದರು. ಮತ್ತೆ ಇಟ್ಟರೆ ಹೋಗಿ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಹೊರಡುವ ಮುಂಚೆ ‘ಉತರನ್’ ಓದಿಕೊಂಡು ಹೋಗಿ.