ಮೂರು ಮಿಲಿಲೀಟರ್ ಎಲ್ಲಿ ಹೋಯಿತು?

ತಂದೆ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವರು. ಮಗಳು ಪಿಯುಸಿ ವಿದ್ಯಾರ್ಥಿನಿ. ಒಂದು ಸಂಜೆ ಆಕೆ ರೆಕಾರ್ಡ್ ಪುಸ್ತಕದ ಮುಂದೆ ಸುಮ್ಮನೆ ಕುಳಿತಿದ್ದಳು. ಅಂದು ಪ್ರಯೋಗಾಲಯದಲ್ಲಿ 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಆಲ್ಕೋಹಾಲ್ ಬೆರೆಸಿದಾಗ ಬಂದದ್ದು ಸುಮಾರು 97. ಗೆಳತಿಯರೆಲ್ಲ 100 ಎಂದು ಬರೆದರು. ಅಂಕ ಹೋದೀತೆಂಬ ಭಯಕ್ಕೆ ಆಕೆಯೂ ಹಾಗೆಯೇ ಬರೆದಿದ್ದಳು.

ತಂದೆ ಕೇಳಿದರು, ‘ನೂರು ಬಂತು ಅಂತ ಬರೆದೆಯೋ, ಬರಬೇಕು ಅಂತ ಬರೆದೆಯೋ?’

‘ಬರಬೇಕಲ್ಲಪ್ಪಾ, ಐವತ್ತು ಐವತ್ತು ನೂರು ತಾನೆ?’

‘ಡ್ರಾಯಿಂಗಿನಲ್ಲಿ 25 ಅಂತ ಇದ್ದರೆ ಜಾಬ್ 25 ಆಗಿಬಿಡುತ್ತದಾ ಮಗಳೇ? ವರ್ನಿಯರ್ ಇಟ್ಟು ನೋಡಬೇಕು. ನಾಳೆ ಇನ್ನೊಂದು ಸಲ ಅಳೆ.’

ಮರುದಿನ ಉಪನ್ಯಾಸಕರ ಅನುಮತಿ ಪಡೆದು, ಬೆಂಕಿಯನ್ನು ದೂರವಿಟ್ಟು, ಆಕೆ ಮತ್ತೆ ಅಳೆದಳು. ನೀರಿಗೆ ನೀರು ಬೆರೆಸಿದರೆ 100. ಅಂದರೆ ಚೆಲ್ಲಿದ್ದಲ್ಲ. ನೀರಿಗೆ ಆಲ್ಕೋಹಾಲ್ ಬೆರೆಸಿದರೆ ಮತ್ತೆ 97. ಜಾಡಿಯೂ ತುಸು ಬೆಚ್ಚಗಾಗಿತ್ತು. ತಕ್ಕಡಿಯಲ್ಲಿಟ್ಟರೆ ತೂಕ ಮಾತ್ರ ಮೊದಲಿನಷ್ಟೇ! ದ್ರವ ಎಲ್ಲೂ ಹೋಗಿಲ್ಲ, ಅದು ಹಿಡಿಯುವ ಜಾಗ ಕಡಿಮೆಯಾಗಿದೆ.

ಉಪನ್ಯಾಸಕರು ಕಾರಣ ಹೇಳಿದರು. ನೀರಿನ ಅಣುವಿನಲ್ಲಿ ಆಮ್ಲಜನಕದ ಬದಿ ತುಸು ಋಣ, ಜಲಜನಕದ ಬದಿ ತುಸು ಧನ. ಇಂಥವು ಧ್ರುವೀಯ ಅಣುಗಳು. ಆಲ್ಕೋಹಾಲಿನ ಅಣುವೂ ಇದೇ ಜಾತಿಯದು. ಎರಡೂ ಬೆರೆತಾಗ ಹಳೆಯ ನೆರೆಯವರ ಕೈ ಬಿಟ್ಟು ಹೊಸಬರ ಕೈ ಹಿಡಿಯುತ್ತವೆ, ಇನ್ನಷ್ಟು ಒತ್ತಾಗಿ ಕೂರುತ್ತವೆ.

ಕಣ್ಣಿಗೆ ಕಾಣದ ಈ ಕೈಹಿಡಿತವನ್ನು ಅಳೆಯುವುದು ಹೇಗೆ? ದ್ರವವನ್ನು ಎರಡು ಲೋಹದ ಫಲಕಗಳ ನಡುವೆ ಇಟ್ಟು ವಿದ್ಯುತ್ ಕ್ಷೇತ್ರ ಕೊಟ್ಟರೆ ಧ್ರುವೀಯ ಅಣುಗಳು ಅದರತ್ತ ತಿರುಗಲು ನೋಡುತ್ತವೆ. ಕ್ಷೇತ್ರ ತೆಗೆದರೆ ಮತ್ತೆ ಚೆಲ್ಲಾಪಿಲ್ಲಿಯಾಗುತ್ತವೆ. ಇದಕ್ಕೆ ಹಿಡಿಯುವ ಕಾಲವೇ ರಿಲ್ಯಾಕ್ಸೇಷನ್ ಕಾಲ; ಈ ವಿದ್ಯಮಾನಕ್ಕೆ ಡೈಎಲೆಕ್ಟ್ರಿಕ್ ರಿಲ್ಯಾಕ್ಸೇಷನ್ ಎಂದು ಹೆಸರು. ಧ್ರುವೀಯ ಅಣುಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಪೀಟರ್ ಡಿಬೈ ಅವರಿಗೆ 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ, 25 ಡಿಗ್ರಿ ಉಷ್ಣತೆಯಲ್ಲಿ ನೀರಿಗೆ ಬೇಕಾಗುವುದು ಅಂಥ ಸುಮಾರು 8 ಭಾಗ, ಆಲ್ಕೋಹಾಲಿಗೆ ಸುಮಾರು 160. ಮಾಗಡಿ ರಸ್ತೆಯ ಬಸ್ಸು ಖಾಲಿಯಿದ್ದರೆ ನಿಂತಲ್ಲೇ ತಿರುಗುವುದು ಸುಲಭ. ಕಿಕ್ಕಿರಿದಿದ್ದರೆ ಅಕ್ಕಪಕ್ಕದವರು ಸರಿಯಬೇಕು. ಅಣುಗಳ ಪಾಡೂ ಅದೇ. ಎರಡು ದ್ರವ ಬೆರೆಸಿದಾಗ ಈ ಕಾಲ ಬರಿಯ ಸರಾಸರಿಯಾಗಿ ಬರುವುದಿಲ್ಲ. ಸರಾಸರಿಗೂ ಅಳತೆಗೂ ನಡುವಿನ ಆ ವ್ಯತ್ಯಾಸವೇ ಯಾವ ಅಣು ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದಕ್ಕೆ ಸುಳಿವು. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಇದರಿಂದಲೇ: ಸೆಕೆಂಡಿಗೆ 245 ಕೋಟಿ ಬಾರಿ ಹೊಯ್ದಾಡುವ ಕ್ಷೇತ್ರದ ಹಿಂದೆ ತಿರುಗಲು ಹೋಗಿ ನೀರಿನ ಅಣುಗಳು ತುಸು ಹಿಂದೆ ಬೀಳುತ್ತವೆ, ಆ ತಿಕ್ಕಾಟವೇ ಶಾಖವಾಗುತ್ತದೆ.

ಸಂಜೆ ಮಗಳು ಇದನ್ನೆಲ್ಲ ಹೇಳಿದಾಗ ತಂದೆ ಕೇಳಿದರು, ‘ಹಾಗಾದರೆ ಲೇತಿಗೆ ಹಾಕುವ ಹಾಲಿನಂಥ ಕೂಲೆಂಟ್?’

‘ಅದು ಬೆರೆತದ್ದಲ್ಲಪ್ಪಾ. ಎಣ್ಣೆಯ ಅಣು ಧ್ರುವೀಯ ಅಲ್ಲ, ನೀರಿನ ಕೈ ಹಿಡಿಯುವುದಿಲ್ಲ. ಅದರಲ್ಲಿರುವ ಸಾಬೂನಿನಂಥ ವಸ್ತು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ತೇಲಿಸಿರುತ್ತದೆ, ಅಷ್ಟೆ.’

ಇಪ್ಪತ್ತು ವರ್ಷ ಆ ಬಿಳಿ ನೀರಿನಲ್ಲಿ ಕೈಯಾಡಿಸಿದ ತಂದೆ ತಮ್ಮ ಅಂಗೈ ನೋಡಿಕೊಂಡು ನಕ್ಕರು.

ಮಗಳು ರೆಕಾರ್ಡ್ ತೆರೆದಳು. 100ನ್ನು ಅಳಿಸಲಿಲ್ಲ; ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 97 ಎಂದು ಬರೆದಳು. ಅಂಕದ ಚಿಂತೆ ಪೂರ್ತಿ ಹೋಗಿರಲಿಲ್ಲ. ಆದರೆ ಆ ರಾತ್ರಿ ಆಕೆ ಪುಸ್ತಕ ಮುಚ್ಚಿ ನೆಮ್ಮದಿಯಾಗಿ ಮಲಗಿದಳು.