ಪಾತ್ರೆಯ ಅಳತೆ, ಪಂಕ್ತಿಯ ಮರ್ಯಾದೆ

ಶರಣರ ಮನೆಗಳಲ್ಲಿ ಅನ್ನಕ್ಕೆ ಸಂಬಂಧಿಸಿದ ಯಾವ ವಿಷಯವೂ ಸಣ್ಣದೆನಿಸಿಕೊಂಡಿಲ್ಲ. ಅಡುಗೆ ಮಾಡುವ ಪಾತ್ರೆ, ಉಣಬಡಿಸುವ ಕ್ರಮ, ಉಂಡದ್ದಕ್ಕೆ ತೆರುವ ಹಣ ಈ ಮೂರರಲ್ಲಿಯೂ ಮನೆತನದ ಸಂಸ್ಕಾರ ಎದ್ದು ಕಾಣುತ್ತದೆ. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಹೊಸದಾಗಿ ಸಂಸಾರ ಹೂಡುತ್ತಿರುವ ನಮ್ಮ ಸಮಾಜದ ತರುಣ ತರುಣಿಯರು ಇತ್ತೀಚೆಗೆ ಎರಡು ಪ್ರಶ್ನೆಗಳನ್ನು ನಮ್ಮ ಮುಂದಿಡುತ್ತಿದ್ದಾರೆ. ನಿತ್ಯದ ಅಡುಗೆಗೆ ಎಂಥ ಪಾತ್ರೆ ಕೊಳ್ಳಬೇಕು? ಗೆಳೆಯರೊಡನೆ ಹೋಟೆಲಿಗೆ ಹೋದಾಗ ಬಿಲ್ಲನ್ನು ಹೇಗೆ ಹಂಚಿಕೊಳ್ಳಬೇಕು? ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಎರಡಕ್ಕೂ ಉತ್ತರ ‘ಅಳತೆ’ ಎಂಬ ಒಂದೇ ಮಾತಿನಲ್ಲಿದೆಯೆಂದು ನಮಗೆ ತೋರುತ್ತದೆ.

ಈ ಮಾತಿಗೆ ನಮಗೆ ಆಧಾರ ಆಯ್ದಕ್ಕಿ ಲಕ್ಕಮ್ಮನ ಕಥೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಕೆಯ ಪತಿ ಮಾರಯ್ಯನದು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳೆಂಬುದು ಪ್ರಸಿದ್ಧವಾಗಿದೆ. ಆ ಬಡ ದಂಪತಿಗಳ ಮನೆಯಲ್ಲಿ ದಾಸೋಹ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ತನಗೆ ಎಷ್ಟು ಸಾಕೆಂಬುದನ್ನು ಅರಿತವಳಿಗೆ ಇನ್ನೊಬ್ಬರಿಗೆ ಎಷ್ಟು ಬೇಕೆಂಬುದೂ ತಿಳಿದಿತ್ತು.

ಕಳೆದ ಶ್ರಾವಣದಲ್ಲಿ ನಮ್ಮ ತಮ್ಮನ ಮಗಳು ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಯ ಮನೆ ಹಿಡಿದು, ಪಾತ್ರೆ ಕೊಳ್ಳಲು ನಮ್ಮನ್ನು ಜಯನಗರದ ನಾಲ್ಕನೆಯ ಬ್ಲಾಕಿಗೆ ಕರೆದೊಯ್ದಳು. ಅಂಗಡಿಯವರು ಬಣ್ಣಬಣ್ಣದ ನಾನ್‌ಸ್ಟಿಕ್ ಪಾತ್ರೆಗಳ ದೊಡ್ಡದೊಂದು ಸೆಟ್ಟನ್ನು ಮುಂದಿಟ್ಟರು. “ದೊಡ್ಡಪ್ಪ, ನೀವೇ ನೋಡಿ ಹೇಳಿ” ಎಂದಳು. “ನಿತ್ಯ ನಿಮ್ಮ ಮನೆಯಲ್ಲಿ ಏನು ಅಡುಗೆಯಮ್ಮಾ?” ಎಂದು ಕೇಳಿದೆವು. ಅನ್ನ, ಸಾರು, ಒಂದು ಪಲ್ಯ, ವಾರಕ್ಕೆರಡು ಸಲ ದೋಸೆ ಎಂದಳು. ಇಷ್ಟಕ್ಕೆ ಐದಾರು ಪಾತ್ರೆ ಸಾಕೆಂದು ಅವಳೇ ಬೆರಳು ಮಡಿಸಿ ಎಣಿಸಿದಳು.

ಪಾತ್ರೆಯ ಲೋಹದ ಗುಣವನ್ನು ಅರಿತು ಕೊಳ್ಳುವುದು ಜಾಣತನ. ಉಕ್ಕಿನ ಪಾತ್ರೆಗಳಲ್ಲಿ 304 ಎಂಬ ದರ್ಜೆಯದರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ; ಹುಳಿ, ಉಪ್ಪುಗಳಿಗೆ ಅದು ಸುಲಭವಾಗಿ ಜಗ್ಗದು. ಆದರೆ ಉಕ್ಕು ಶಾಖವನ್ನು ಸಮನಾಗಿ ಹರಡದು. ಆದ್ದರಿಂದಲೇ ತಳದಲ್ಲಿ ಅಲ್ಯೂಮಿನಿಯಂ ಅಥವಾ ತಾಮ್ರದ ಪದರವಿಟ್ಟು ದಪ್ಪವಾಗಿ ಮಾಡಿದ ಪಾತ್ರೆಯಲ್ಲಿ ಅಡುಗೆ ಸೀಯುವುದು ಕಡಿಮೆ. ದೋಸೆಗೆ, ರೊಟ್ಟಿಗೆ ಕಬ್ಬಿಣದ ಹಂಚಿಗೆ ಸಮನಾದುದಿಲ್ಲ. ತೊಳೆದೊಡನೆ ಒರೆಸಿ, ಎಣ್ಣೆ ಸವರಿಟ್ಟರೆ ಅದು ಮಗಳ ಕಾಲಕ್ಕೂ ಉಳಿಯುತ್ತದೆ. ಅದರಲ್ಲಿ ಹುಳಿಯ ಸಾರು ಕುದಿಸಿದರೆ ಮಾತ್ರ ಬಣ್ಣವೂ ರುಚಿಯೂ ಕೆಡುತ್ತವೆ. ಅಜ್ಜಿ ಕೊಟ್ಟ ಹಿತ್ತಾಳೆಯ ಪಾತ್ರೆಯಿದ್ದರೆ ಕಲಾಯಿ ಮಾಡಿಸದೆ ಒಲೆಗೆ ಏರಿಸಬಾರದು. ಕಲಾಯಿಯ ತವರ 232 ಡಿಗ್ರಿ ಶಾಖಕ್ಕೆ ಕರಗುವುದರಿಂದ ಅಂಥ ಪಾತ್ರೆಯನ್ನು ಬರಿದಾಗಿ ಕಾಯಿಸಲೂಬಾರದು. ನಾನ್‌ಸ್ಟಿಕ್ ಬಾಣಲೆಯನ್ನು ಬರಿದಾಗಿ ದೊಡ್ಡ ಉರಿಯ ಮೇಲಿಟ್ಟು ಮರೆತರೆ, ಶಾಖ 260 ಡಿಗ್ರಿ ದಾಟಿದಂತೆ ಅದರ ಲೇಪ ಕೆಡತೊಡಗುತ್ತದೆ. ಲೇಪ ಎದ್ದುಬಂದ ಬಾಣಲೆಯನ್ನು ಉಳಿತಾಯದ ಹೆಸರಿನಲ್ಲಿ ಇಟ್ಟುಕೊಳ್ಳುವುದು ತರವಲ್ಲ. ಇಂಡಕ್ಷನ್ ಒಲೆಯುಳ್ಳವರು ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತವನ್ನು ಕೊಂಡೊಯ್ಯಲಿ. ಅದು ತಳಕ್ಕೆ ಅಂಟಿದರೆ ಆ ಪಾತ್ರೆ ಅಂಥ ಒಲೆಗೆ ಒದಗುತ್ತದೆ.

ಕುಕ್ಕರಿನ ಮಾತು ಬಂದಾಗ, “ನಾವಿಬ್ಬರೇ ಅಲ್ಲವೇ, ಮೂರು ಲೀಟರಿನದು ಸಾಕು” ಎಂದಳು ನಮ್ಮ ಮಗಳು. ನಾವು ಐದು ಲೀಟರಿನದನ್ನು ಸೂಚಿಸಿದೆವು. ಕುಕ್ಕರನ್ನು ಮೂರನೆಯ ಎರಡು ಪಾಲಿಗಿಂತ ಹೆಚ್ಚು ತುಂಬುವಂತಿಲ್ಲ. ನೊರೆಗಟ್ಟುವ ಬೇಳೆಯಾದರೆ ಅರ್ಧಕ್ಕೇ ನಿಲ್ಲಬೇಕು. ಊರಿನಿಂದ ಅತ್ತೆ ಮಾವಂದಿರು ಬಂದ ದಿನ, ಕೆಲಸ ಹುಡುಕಿಕೊಂಡು ಪರಿಚಯದ ಹುಡುಗನೊಬ್ಬ ಬಾಗಿಲಿಗೆ ಬಂದ ದಿನ, ಪಾತ್ರೆ ಚಿಕ್ಕದೆಂಬ ಕಾರಣಕ್ಕೆ ಅನ್ನ ಕಡಿಮೆಯಾಗಬಾರದು. ಅಲಂಕಾರದ ಹತ್ತು ಪಾತ್ರೆಗಳನ್ನು ಬಿಟ್ಟು, ಇನ್ನೊಬ್ಬರಿಗೂ ಅನ್ನ ಬೇಯುವ ಒಂದು ಪಾತ್ರೆಯನ್ನು ಕೊಳ್ಳುವುದೇ ಗೃಹಸ್ಥರ ಅಳತೆ.

ಇನ್ನು ಹೋಟೆಲಿನ ಮಾತು. ಬಾಲ್ಯದಲ್ಲಿ ಮಠದ ಪಂಕ್ತಿಯಲ್ಲಿ ಕುಳಿತು ಉಂಡವರು ನಾವು. ಅಲ್ಲಿ ಯಾರು ಎಷ್ಟು ಉಂಡರೆಂದು ಲೆಕ್ಕವಿಟ್ಟವರಿಲ್ಲ. ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಇಂದಿಗೂ ಸಾವಿರಾರು ಮಕ್ಕಳು ಹಾಗೆಯೇ ಉಣ್ಣುತ್ತಾರೆ. ಹೋಟೆಲು ಪಂಕ್ತಿಯಲ್ಲ, ಅಲ್ಲಿ ಪ್ರತಿ ತುತ್ತಿಗೂ ಬೆಲೆಯಿದೆ. ಪಂಕ್ತಿಯ ಸಮಾನತೆಯನ್ನು ಬಿಲ್ಲಿಗೆ ಕಣ್ಣುಮುಚ್ಚಿ ಅನ್ವಯಿಸಿದರೆ ಆಗುವುದು ಸಮಾನತೆಯಲ್ಲ.

ನಮಗೆ ಬೇಕಾದವರ ಮಗನೊಬ್ಬ ಮೊದಲ ಕೆಲಸ ಹಿಡಿದು ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಯೊಂದರಲ್ಲಿದ್ದಾನೆ. ಸಂಬಳದ ಅರ್ಧ ಊರಿಗೆ ಹೋಗುತ್ತದೆ. ವಾರದ ಕೊನೆಗೆ ಗೆಳೆಯರೆಲ್ಲ ಜೆ.ಪಿ. ನಗರದ ಹೋಟೆಲಿಗೆ ಹೋಗುವರು. ಇವನು ಸಸ್ಯಾಹಾರದ ಒಂದು ಸಣ್ಣ ತಿಂಡಿ ತಿಂದರೂ ಬಿಲ್ಲಿನಲ್ಲಿ ಸಮಪಾಲು. ಮೂರು ಸಲ ಕೊಟ್ಟ. ನಾಲ್ಕನೆಯ ಸಲದಿಂದ “ಹಸಿವಿಲ್ಲ” ಎಂದು ಕೋಣೆಯಲ್ಲೇ ಉಳಿಯತೊಡಗಿದ. ಗೆಳೆಯರು ಕೆಟ್ಟವರಲ್ಲ, ಅವರಿಗೆ ಅದು ಹೊಳೆಯಲೇ ಇಲ್ಲ. ಆದರೆ ಒಂದು ಸ್ನೇಹ ಅಲ್ಲಿ ಸದ್ದಿಲ್ಲದೆ ಸೊರಗಿತು. ಹಸಿದವನು ಹಸಿವಿಲ್ಲವೆಂದು ಹೇಳಬೇಕಾದ ಸ್ಥಿತಿಯನ್ನು ತಂದಿಡುವುದು ಅನ್ನಕ್ಕೆ ಮಾಡುವ ಅಪಚಾರವೆಂದೇ ನಾವು ಭಾವಿಸುತ್ತೇವೆ.

ಜಯನಗರದಲ್ಲಿ 1983ರಲ್ಲಿ ‘ಕೆಫೆ ದರ್ಶಿನಿ’ ಆರಂಭವಾದ ಮೇಲೆ ನಮ್ಮ ಊರಿನಲ್ಲಿ ದರ್ಶಿನಿಗಳು ಹಬ್ಬಿದವು. ಮೊದಲು ಹಣ ಕೊಟ್ಟು ಚೀಟಿ ಪಡೆದು, ನಿಂತು ತಿನ್ನುವ ಈ ಪದ್ಧತಿಯಲ್ಲಿ ಒಂದು ಸೌಜನ್ಯ ಅಡಗಿದೆ. ಇಡ್ಲಿ ಬೇಕಾದವನು ಇಡ್ಲಿಯ ಚೀಟಿ ಪಡೆಯುತ್ತಾನೆ, ಕಾಫಿ ಸಾಕೆಂದವನು ಕಾಫಿಯದು. ಅಲ್ಲಿ ಯಾರೂ ಯಾರ ಮುಂದೆಯೂ ಕುಗ್ಗಬೇಕಾಗಿಲ್ಲ. ಕುಳಿತು ಉಣ್ಣುವ ಹೋಟೆಲಿನಲ್ಲಿಯೂ ಈ ನಿರಾಳತೆಯನ್ನು ತರಲು ಸಾಧ್ಯವಿದೆ.

ಕರೆದವರು ಕೊಡುವುದು ಹಿಂದಿನಿಂದ ಬಂದ ಮರ್ಯಾದೆ. ಯಾರೂ ಕರೆಯದೆ ಎಲ್ಲರೂ ಕೂಡಿ ಹೋದಾಗ, ಹಂಚಿಕೆಯ ಮಾತನ್ನು ಕೂರುವ ಮೊದಲೇ ಆಡಿ ಮುಗಿಸಬೇಕು. ಎಲ್ಲರೂ ಒಂದೇ ಬಗೆಯ ಊಟ ಮಾಡಿದರೆ ಸಮಪಾಲು ಸರಿ. ಇಲ್ಲವಾದರೆ ಅವರವರದು ಅವರವರಿಗೆ. “ನನ್ನದನ್ನು ಬೇರೆ ಕೊಡುತ್ತೇನೆ” ಎಂಬ ಮಾತನ್ನು ಹೆಚ್ಚು ಸಂಪಾದಿಸುವವನೇ ಮೊದಲು ಆಡಲಿ. ಆಗ ಕಡಿಮೆಯಿರುವವನಿಗೆ ಸಂಕೋಚವಿರದು. ಹಂಚುವ ಮುನ್ನ ಬಿಲ್ಲನ್ನು ಓದುವುದೂ ಅಗತ್ಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ತಿಂಗಳ ಮಾರ್ಗಸೂಚಿಯಂತೆ ಹೋಟೆಲಿನವರು ಸೇವಾಶುಲ್ಕವನ್ನು ತಾವಾಗಿಯೇ ಸೇರಿಸುವಂತಿಲ್ಲ. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್ ತಿಂಗಳಲ್ಲಿ ಇದನ್ನು ಎತ್ತಿಹಿಡಿದಿದೆ. ಬಡಿಸಿದ ಹುಡುಗನಿಗೆ ಸಂತೋಷದಿಂದ ಕೊಡುವ ಮಾತು ಬೇರೆ. ಈಗ ಯು.ಪಿ.ಐ. ಇರುವುದರಿಂದ ತನ್ನ ಪಾಲನ್ನು ಪೈಸೆ ಸಹಿತ ಅಲ್ಲಿಯೇ ಕಳಿಸಬಹುದು. ಹತ್ತು ರೂಪಾಯಿಯ ವ್ಯತ್ಯಾಸಕ್ಕೆ ಮರುದಿನ ನೆನಪಿಸುವುದು ಮಾತ್ರ ಶೋಭೆಯಲ್ಲ. ಪೂರ್ತಿ ಬಿಲ್ಲು ಕೊಡುವ ಮನಸ್ಸಾದವನು ಸದ್ದಿಲ್ಲದೆ ಕೊಟ್ಟು ಬರಲಿ, ಮತ್ತೆಂದೂ ಅದನ್ನು ಎತ್ತದಿರಲಿ. ಆಡಿ ತೋರಿಸಿದ ಕೊಡುಗೆ ದಾಸೋಹವೆನಿಸದು.

ಓದುಗ ಬಂಧುಗಳು ತಮ್ಮ ಮಕ್ಕಳಿಗೆ ಪಾತ್ರೆ ಕೊಡಿಸುವ ದಿನವೇ ಈ ಎರಡನೆಯ ಪಾಠವನ್ನೂ ಹೇಳಿಕೊಟ್ಟರೆ ಲೇಸು. ಮನೆಯ ಪಾತ್ರೆಯಲ್ಲಿ ಬರುವವನಿಗೂ ಅನ್ನವಿರಲಿ. ಹೊರಗಿನ ಊಟದಲ್ಲಿ ಜೊತೆಗಿರುವವನ ಜೇಬಿನ ಅರಿವಿರಲಿ. ಲಕ್ಕಮ್ಮ ತಾಯಿಯ ಅಳತೆ ನಮ್ಮೆಲ್ಲರ ಮನೆಗಳಲ್ಲಿ ನೆಲೆಗೊಳ್ಳಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.